ಆರು ಎಕರೆ ಸೋಲಾರ್‌ಗೆ ಕೊಡೋಣವೇ?

ಓದುಗರ ಪ್ರಶ್ನೆ, ನಿವೃತ್ತ ವಿದ್ಯುತ್ ಇಂಜಿನಿಯರ್ ಉತ್ತರ

ಪ್ರಶ್ನೆ: ನಮ್ಮದು ಪಾವಗಡ ತಾಲ್ಲೂಕು. ಆರು ಎಕರೆ ಖುಷ್ಕಿ ಜಮೀನಿದೆ. ಮಳೆ ಬಂದರೆ ಕಡಲೆಕಾಯಿ, ಬರದಿದ್ದರೆ ಬೀಳು. ಸೋಲಾರ್ ಕಂಪನಿ ಕಡೆಯವರು ಗುತ್ತಿಗೆಗೆ ಕೇಳುತ್ತಿದ್ದಾರೆ. ಯಜಮಾನರಿಗೆ ಕೊಡುವ ಮನಸ್ಸಿದೆ. ಅತ್ತೆ ಮೂವತ್ತು ಕುರಿ ಸಾಕಿದ್ದಾರೆ, ಅವರು ಸುತಾರಾಂ ಒಪ್ಪುತ್ತಿಲ್ಲ. ಏನು ಮಾಡಲಿ?
– ಹೆಸರು ಬೇಡ

ಉತ್ತರ: ತಾಯಿ, ನಿಮ್ಮ ಯಜಮಾನರ ಲೆಕ್ಕವೂ ಸರಿ, ಅತ್ತೆಯ ಭಯವೂ ಸರಿ. ಮಧುಗಿರಿಯಲ್ಲಿ ಕೆಲಸದಲ್ಲಿದ್ದಾಗ ನಾನು ನಿಮ್ಮ ಕಡೆ ಎಷ್ಟೋ ಸಲ ಬಂದಿದ್ದೇನೆ. ಬಿತ್ತಿದ ಬೀಜವೂ ವಾಪಸ್ ಬಾರದ ವರ್ಷಗಳನ್ನು ಕಣ್ಣಾರೆ ಕಂಡಿದ್ದೇನೆ. ಅಂಥ ನೆಲಕ್ಕೆ ವರ್ಷ ವರ್ಷ ತಪ್ಪದೆ ದುಡ್ಡು ಬರುತ್ತೆ ಅಂದರೆ ಯಾರಿಗೆ ಬೇಡ?

ಉದಾಹರಣೆ ನಿಮ್ಮ ತಾಲ್ಲೂಕಿನಲ್ಲೇ ಇದೆ. ತಿರುಮಣಿ ಸುತ್ತಿನ ಐದು ಊರುಗಳಲ್ಲಿ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಎದ್ದಿದೆ. 2018ರಲ್ಲಿ ಶುರುವಾಯಿತು, 2019ರ ಕೊನೆಗೆ ಪೂರ್ತಿಯಾಯಿತು. ಅಲ್ಲಿ ಜಮೀನು ಕೊಂಡುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಪಹಣಿಯಲ್ಲಿ ರೈತರ ಹೆಸರೇ ಉಳಿಯಿತು. ಇದು ತುಂಬಾ ಒಳ್ಳೆಯ ಕೆಲಸ ಎಂದು ನಾನು ಮನಸಾರೆ ನಂಬುತ್ತೇನೆ. ಅಲ್ಲಿ ಶುರುವಿನಲ್ಲಿ ಕೊಟ್ಟದ್ದು ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಜಾಸ್ತಿ. ನಿಮಗೂ ಅದೇ ದರ ಅಂತ ಇಟ್ಟುಕೊಳ್ಳಿ. ಆರು ಎಕರೆಗೆ ವರ್ಷಕ್ಕೆ 1,26,000 ರೂಪಾಯಿ. ಬೀಜ, ಗೊಬ್ಬರ, ಕೂಲಿ ಯಾವ ಖರ್ಚೂ ಇಲ್ಲ.

ಆದರೆ ಆ ಶೇ 5ನ್ನು ಒಂದು ಹಾಳೆಯ ಮೇಲೆ ಬರೆದು ನೋಡಿ. ಎರಡು ವರ್ಷಕ್ಕೆ 5 ಅಂದರೆ ವರ್ಷಕ್ಕೆ ಎರಡೂವರೆ. ಹತ್ತು ವರ್ಷ ಕಳೆದಾಗ 21 ಸಾವಿರ ಹೋಗಿ ಸುಮಾರು 26,800 ಆಗುತ್ತದೆ. 26 ವರ್ಷಕ್ಕೆ 39,600. ಅಷ್ಟರಲ್ಲಿ ಅಕ್ಕಿ, ಬೇಳೆ, ಮಕ್ಕಳ ಫೀಸು ವರ್ಷಕ್ಕೆ ಶೇ 5ರಂತೆ ಏರಿದರೆ, ಇವತ್ತು 21 ಸಾವಿರಕ್ಕೆ ಬರುವ ಸಾಮಾನಿಗೆ ಆಗ ಸುಮಾರು 75 ಸಾವಿರ ಬೇಕು. ಅಂದರೆ ಕೈಗೆ ಬರುವ ಹಣ ಹೆಚ್ಚುತ್ತಾ ಹೋದರೂ ಅದರಿಂದ ಸಿಗುವ ಸಾಮಾನು ಅರ್ಧದಷ್ಟು ಮಾತ್ರ. ಹಾಗಾಗಿ ಮೊದಲನೇ ವರ್ಷದ ಮೊತ್ತಕ್ಕಿಂತ, ಏರಿಕೆ ಎಷ್ಟು ಅನ್ನುವುದಕ್ಕೆ ಗಟ್ಟಿಯಾಗಿ ಕೂತು ಮಾತಾಡಿ.

ಕರಾರಿನಲ್ಲಿ ಇನ್ನೂ ಒಂದು ನೋಡಿ. ಅವಧಿ ಮುಗಿದ ಮೇಲೆ ಪ್ಲೇಟು, ಕಂಬಿ, ಕಾಂಕ್ರೀಟು ಯಾರು ಕೀಳಬೇಕು? ಕಂಪನಿ ಕೈಬದಲಾದರೆ ಬಾಡಿಗೆ ಯಾರು ಕೊಡಬೇಕು? ಇದು ಬರಹದಲ್ಲಿ ಇಲ್ಲದಿದ್ದರೆ ಸಹಿ ಹಾಕಬೇಡಿ. ಬಾಯಿಮಾತು ಬೇಡವೇ ಬೇಡ.

ಇನ್ನು ಅತ್ತೆಯ ಕುರಿಗಳ ವಿಷಯ. ಬೇಲಿ ಬಿದ್ದರೆ ನಿಮ್ಮ ಆರು ಎಕರೆ ಮಾತ್ರ ಅಲ್ಲ, ಅಕ್ಕಪಕ್ಕದ ಬೀಳೂ ಮುಚ್ಚುತ್ತದೆ. ಕುರಿಗೆ ಬೇಕಾದದ್ದು ಆ ಬೀಳೇ. ನಿಮ್ಮ ಕಡಲೆಕಾಯಿ ಹೊಲಕ್ಕೆ ಕಳೆ ಕೀಳಲು, ಕಾಯಿ ಬಿಡಿಸಲು ಬರುತ್ತಿದ್ದ ಹೆಂಗಸರಿಗೂ ಕೂಲಿ ಹೋಗುತ್ತದೆ. ಅವರ ಹೆಸರು ಪಹಣಿಯಲ್ಲಿಲ್ಲ, ಹಾಗಾಗಿ ಬಾಡಿಗೆಯಲ್ಲೂ ಪಾಲಿಲ್ಲ. ಪಾರ್ಕ್ ಕಟ್ಟುವಾಗ ನೂರಾರು ಜನರಿಗೆ ಕೆಲಸ ಇರುತ್ತದೆ. ಕಟ್ಟಿದ ಮೇಲೆ ಹುಲ್ಲು ಕತ್ತರಿಸೋದು, ಪ್ಲೇಟು ಒರೆಸೋದು, ಕಾವಲು, ಇಷ್ಟೇ ಉಳಿಯುವುದು. ಸೋಲಾರ್ ಕರೆಂಟು ಅಗ್ಗ ಅಂತ ನಾವೆಲ್ಲ ಹೇಳುತ್ತೇವೆ. ನಿಜವೇ. 2017ರಲ್ಲೇ ರಾಜಸ್ಥಾನದ ಭಡ್ಲಾದಲ್ಲಿ ಯೂನಿಟ್‌ಗೆ 2 ರೂಪಾಯಿ 44 ಪೈಸೆಗೆ ಹರಾಜು ನಿಂತಿತ್ತು. ಆ ದರದಲ್ಲಿ ಈ ಹೆಂಗಸರ ಕೂಲಿ ಎಲ್ಲೂ ಲೆಕ್ಕಕ್ಕೆ ಸೇರಿಲ್ಲ. ನನಗೆ ಬಹಳ ನೋವು ಕೊಡುವ ವಿಷಯ ಇದು.

ನನ್ನ ಸಲಹೆ ಹೇಳುತ್ತೇನೆ. ಒಪ್ಪುವುದಾದರೆ ನಾಲ್ಕು ಎಕರೆ ಕೊಡಿ, ಎರಡು ಉಳಿಸಿಕೊಳ್ಳಿ. ನೀರಿನ ಕಡೆ ಇರುವ ಎರಡನ್ನೇ ಉಳಿಸಿಕೊಳ್ಳಿ. ಅದಕ್ಕೆ ಹೋಗುವ ದಾರಿಯನ್ನೂ ಕರಾರಿನಲ್ಲಿ ಬರೆಸಿ. ಕುರಿ ಮೂವತ್ತರಿಂದ ಹದಿನೈದಕ್ಕೆ ಇಳಿಯಬಹುದು. ಆದರೆ ಅತ್ತೆಯ ಕೈಯಲ್ಲಿ ಅವರದೇ ಅಂತ ನಾಲ್ಕು ಕಾಸು ಇರುತ್ತದೆ. ಊರಿನವರು ಒಟ್ಟಿಗೆ ಹೋಗಿ ಮಾತಾಡಿದರೆ, ಕೂಲಿ ಮಾಡುತ್ತಿದ್ದ ಮನೆಗಳಿಗೇ ಪಾರ್ಕಿನ ಕೆಲಸ ಮೊದಲು ಕೊಡಬೇಕು ಅನ್ನುವುದನ್ನೂ ದಯವಿಟ್ಟು ಕೇಳಿ.

ಪ್ರಶ್ನೆ: ತುಮಕೂರಿನಲ್ಲಿ ಸ್ವಂತ ಮನೆ. ತಿಂಗಳಿಗೆ 150 ಯೂನಿಟ್ ಸುಡುತ್ತೇವೆ. ಗೃಹಜ್ಯೋತಿಯಿಂದ ಬಿಲ್ ಸೊನ್ನೆ. ತಾರಸಿ ಮೇಲೆ ಸೋಲಾರ್ ಹಾಕಿಸಲೇ?

ಉತ್ತರ: ದುಡ್ಡು ಉಳಿಸಲು ಅಂತಾದರೆ ಈಗ ಬೇಡ. ಕೇಂದ್ರದ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವಾಟ್‌ಗೆ 78 ಸಾವಿರ ಸಬ್ಸಿಡಿ ಇದೆ, ಸರಿ. ಆದರೆ ಉಳಿದದ್ದನ್ನು ನೀವೇ ಹಾಕಬೇಕು, ಸೊನ್ನೆ ಬಿಲ್‌ನಲ್ಲಿ ಉಳಿಸೋದು ಏನು? 200 ಯೂನಿಟ್ ದಾಟುವ ಮನೆಗೆ, ಎಸಿ ಇರುವ ಮನೆಗೆ ಖಂಡಿತ ಹಾಕಿಸಿ ಅನ್ನುತ್ತೇನೆ. ಅವರೂ ಮೊದಲು ತಾರಸಿ ಮೇಲೆ ತೆಂಗಿನ ಮರದ ನೆರಳು ಎಷ್ಟು ಹೊತ್ತು ಬೀಳುತ್ತೆ ನೋಡಿಕೊಳ್ಳಲಿ.

ಪ್ರಶ್ನೆ: ನಾವು ಕೋಲಾರದ ಹತ್ತಿರದವರು. ಅಳಿಯ ರಾಯಚೂರಿನ ಥರ್ಮಲ್‌ನಲ್ಲಿ ಗುತ್ತಿಗೆ ನೌಕರ. ಸೋಲಾರ್ ಬಂದ ಮೇಲೆ ಕಲ್ಲಿದ್ದಲಿನದು ಮುಚ್ಚುತ್ತೆ ಅಂತಾರೆ. ಊರಿಗೆ ಬಂದುಬಿಡು ಅನ್ನಲೇ?

ಉತ್ತರ: ಅವಸರ ಬೇಡ. ಸೋಲಾರ್ ಸಂಜೆ ಆರಕ್ಕೆ ಮಲಗುತ್ತದೆ. ನಮ್ಮ ಮನೆಗಳಲ್ಲಿ ದೀಪ, ಟಿವಿ, ಮಿಕ್ಸಿ ಶುರುವಾಗುವುದೇ ಆಗ. ಆ ನಾಲ್ಕೈದು ಗಂಟೆಗೆ ಬ್ಯಾಟರಿಯೋ, ನೀರನ್ನು ಮೇಲಕ್ಕೆ ಪಂಪ್ ಮಾಡಿ ಇಟ್ಟುಕೊಳ್ಳುವ ವ್ಯವಸ್ಥೆಯೋ ದೊಡ್ಡದಾಗಿ ಬರುವ ತನಕ ಕಲ್ಲಿದ್ದಲು ಬೇಕೇ ಬೇಕು. ನಮ್ಮ ರಾಜ್ಯದಲ್ಲಿ ಕಲ್ಲಿದ್ದಲಿನ ಗಣಿಯಿಲ್ಲ. ಹೊರರಾಜ್ಯದಿಂದ ರೈಲಿನಲ್ಲಿ ತರಬೇಕು. ಯಂತ್ರ ಸುಮ್ನೆ ನಿಂತರೂ ಸಾಲ, ಸಂಬಳ, ನಿರ್ವಹಣೆಯ ಖರ್ಚು ನಿಲ್ಲುವುದಿಲ್ಲ. ಬಿಸಿಲಿನ ಕರೆಂಟು ಅಗ್ಗವಾದರೂ ನಮ್ಮ ಬಿಲ್ ಅಷ್ಟು ಬೇಗ ಇಳಿಯದಿರುವುದಕ್ಕೆ ಇದೂ ಒಂದು ಕಾರಣ.

ಆದರೆ ನಿಮ್ಮ ಆತಂಕವನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ನಾನು ಹುಟ್ಟಿದ್ದು ಕೆಜಿಎಫ್‌ನಲ್ಲಿ. 1902ರಲ್ಲಿ ಶಿವನಸಮುದ್ರದಿಂದ ಅಷ್ಟು ದೂರ ತಂತಿ ಎಳೆದು ಕರೆಂಟು ತಂದದ್ದು ನಮ್ಮೂರಿನ ಗಣಿಗೆ. ಅದೇ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ನನ್ನ ಅಣ್ಣ ಅಲ್ಲೇ ಕೆಲಸದಲ್ಲಿದ್ದ. ನೆಲದಡಿಯ ಕೆಲಸ ಬಿಟ್ಟು ಬೇರೇನೂ ಕಲಿತಿರಲಿಲ್ಲ. ಆಮೇಲೆ ಹನ್ನೊಂದು ವರ್ಷ ಬೆಳಗಿನ ಜಾವದ ರೈಲು ಹಿಡಿದು ಬೆಂಗಳೂರಿಗೆ ಸೆಕ್ಯೂರಿಟಿ ಕೆಲಸಕ್ಕೆ ಹೋಗಿಬಂದ. ಗಣಿ ಮುಚ್ಚುತ್ತೆ ಅನ್ನುವ ಮಾತು ಎಷ್ಟೋ ವರ್ಷದಿಂದ ಇತ್ತು. ಆ ವರ್ಷಗಳಲ್ಲಿ ಅವನಿಗೆ ಬೇರೆ ಕಸುಬು ಕಲಿಸುವವರು ಯಾರೂ ಇರಲಿಲ್ಲ.

ನಿಮ್ಮ ಅಳಿಯನಿಗೆ ಆ ಸಮಯ ಈಗ ಇದೆ. ಪಿಎಫ್ ಸರಿಯಾಗಿ ಕಟ್ಟುತ್ತಿದ್ದಾರಾ, ಖಾತೆಯಲ್ಲಿ ಹೆಸರು, ಹುಟ್ಟಿದ ತಾರೀಖು ಸರಿ ಇದೆಯಾ, ಇವತ್ತೇ ನೋಡಿಸಿ. ಮೋಟರ್, ಪ್ಯಾನೆಲ್ ಕೆಲಸದಲ್ಲಿದ್ದರೆ ವೈರ್‌ಮನ್ ಪರ್ಮಿಟ್ ಮಾಡಿಸಿಕೊಳ್ಳಲಿ. ಆ ಕೈಕೆಲಸ ಸಬ್‌ಸ್ಟೇಷನ್‌ಗೂ ನಡೆಯುತ್ತೆ, ಸೋಲಾರ್‌ಗೂ ನಡೆಯುತ್ತೆ. ಕಲ್ಲಿದ್ದಲಿನ ಬೆಲ್ಟ್ ಮೇಲೆ ಇದ್ದರೆ ದಾರಿ ಬೇರೆ. ವಯಸ್ಸೆಷ್ಟು, ಯಾವ ಸೆಕ್ಷನ್, ಏನು ಓದಿದ್ದಾರೆ ಅಂತ ಒಂದು ಕಾಗದ ಹಾಕಿ. ಮುಂದಿನ ಸಂಚಿಕೆಯಲ್ಲಿ ಮೊದಲು ಅದನ್ನೇ ತೆಗೆದುಕೊಳ್ಳುತ್ತೇನೆ.