ಕೊಡಚಾದ್ರಿ ಹತ್ತುವಾಗ ಸುಮ್ಮನಿದ್ದ ಮಂಡಿ ಇಳಿಯುವಾಗ ಯಾಕೆ ನೋಯುತ್ತದೆ?

ಹತ್ತುವಾಗ ಏದುಸಿರು ಬಿಟ್ಟರೆ ಏನೂ ಇರಲಿಲ್ಲ, ಇಳಿಯುವಾಗ ಚಿಪ್ಪಿನ ಹಿಂದೆ ನೋವು ಶುರುವಾಯಿತು, ಮೂಳೆ ಸವೆದಿದೆಯಾ ಅಂತ ಕೇಳಿದ್ದೀರಿ. ಇಷ್ಟಕ್ಕೇ ಸವೆದಿದೆ ಅಂದುಕೊಳ್ಳಬೇಡಿ. ನಾನು ತೀರ್ಥಹಳ್ಳಿ ಕಡೆ ಫಿಸಿಯೋಥೆರಪಿ ಮಾಡುತ್ತೇನೆ. ಗುಡ್ಡ ಇಳಿದು ಬಂದು ಇದೇ ಮಾತು ಹೇಳುವವರು ಬೇಕಾದಷ್ಟು ಜನ.

ಮೊದಲು ನೆಲದ ಮೇಲೆ ಕಾಲು ಚಾಚಿ ಕೂತುಕೊಳ್ಳಿ. ತೊಡೆ ಪೂರ್ತಿ ಸಡಿಲ ಬಿಡಿ. ಮಂಡಿ ಚಿಪ್ಪನ್ನು ಎರಡು ಬೆರಳಲ್ಲಿ ಹಿಡಿದು ಆಚೆ ಈಚೆ ಸರಿಸಿ ನೋಡಿ. ಸರಿಯುತ್ತದೆ, ಅಲ್ವಾ? ಈಗ ತೊಡೆ ಬಿಗಿ ಮಾಡಿ. ಚಿಪ್ಪು ತುಸು ಮೇಲಕ್ಕೆ ಹೋಗಿ ಗಟ್ಟಿಯಾಗಿ ನಿಂತುಬಿಡುತ್ತದೆ. ತೊಡೆಯ ಮುಂಭಾಗದಿಂದ ಮೊಣಕಾಲ ಕೆಳಗಿನ ಮೂಳೆಗೆ ಇಳಿಯುವ ದಪ್ಪ ಹುರಿಯ ಒಳಗೇ ಕೂತ ಮೂಳೆ ಅದು. ಹುಟ್ಟಿದ ಮಗುವಿಗೆ ಅದಿನ್ನೂ ಮೆತ್ತಗಿರುತ್ತದೆ. ಗಟ್ಟಿ ಮೂಳೆಯಾಗಲು ಶುರುವಾಗುವುದು ಸುಮಾರು 3ರಿಂದ 6 ವರ್ಷದ ಹೊತ್ತಿಗೆ.

ಅದರ ಕೆಲಸ ನಮ್ಮ ಬಾವಿಯ ಗಡಗಡೆಯ ಥರ. ಹಗ್ಗ ಬಿಗಿಯಾದಷ್ಟೂ ಗಡಗಡೆ ಮೇಲೆ ಭಾರ ಜಾಸ್ತಿ. ಹಾಗೇ ಮಂಡಿ ಮಡಿಸಿ ತೊಡೆ ಬಿಗಿ ಹಿಡಿದಷ್ಟೂ ಚಿಪ್ಪು ಹೋಗಿ ತೊಡೆ ಮೂಳೆಯ ತುದಿಗೆ ಒತ್ತುತ್ತದೆ. ಇಳಿಯುವಾಗ ಮುಂದಿನ ಕಾಲಿಗೆ ನೆಲ ಸಿಗುವವರೆಗೂ ಹಿಂದಿನ ಕಾಲೇ ಮಡಿಯುತ್ತಾ ಇಡೀ ಮೈಭಾರ ತಡೆದಿರಬೇಕು. ತುಂಬಿದ ಕೊಡಪಾನವನ್ನು ಮೆಲ್ಲಗೆ ಬಾವಿಗೆ ಇಳಿಬಿಟ್ಟ ಹಾಗೆ. ಹಗ್ಗ ಬಿಡುವ ಹಾಗೂ ಇಲ್ಲ, ಎಳೆಯುವ ಹಾಗೂ ಇಲ್ಲ. ಆಗ ಚಿಪ್ಪಿನ ಹಿಂದೆ ಬೀಳುವ ಒತ್ತಡ ಮೈಭಾರದ ಎಷ್ಟೋ ಪಟ್ಟು. ಹತ್ತುವಾಗಲೂ ಒತ್ತಡ ಇದೆ, ಆದರೆ ಮುಂದಕ್ಕೆ ಬಾಗಿರುತ್ತೀರಿ, ಪೃಷ್ಠದ ಮಾಂಸಖಂಡಗಳೂ ಕೈಜೋಡಿಸುತ್ತವೆ. ಇಳಿಯುವಾಗ ಹೆದರಿಕೆಗೆ ಹಿಂದಕ್ಕೆ ವಾಲುತ್ತೇವೆ, ಎಲ್ಲ ತೊಡೆಯ ತಲೆಗೇ ಬರುತ್ತದೆ.

ಚಿಪ್ಪಿನ ಹಿಂಬದಿಯ ಕಾರ್ಟಿಲೇಜ್, ಅಂದರೆ ಮೂಳೆಗೆ ಹೊದ್ದಿರುವ ನುಣುಪಾದ ಮೆದು ಪದರ, ಇಡೀ ಮೈಯಲ್ಲೇ ದಪ್ಪನೆಯದು. ಅದರಲ್ಲಿ ನರ ಇಲ್ಲ, ಹಾಗಾಗಿ ಅದೇ ನೋಯುವುದಿಲ್ಲ; ನೋಯುವುದು ಅಕ್ಕಪಕ್ಕದ ಪೊರೆ, ಕೊಬ್ಬು, ಅಡಿಯ ಮೂಳೆ. ರಕ್ತನಾಳವೂ ಇಲ್ಲ. ಓಡಾಡುವಾಗ ಒತ್ತಿ ಬಿಟ್ಟಂತಾಗಿ ಕೀಲಿನೊಳಗಿನ ದ್ರವದಿಂದಲೇ ಅದು ಪೋಷಣೆ ಹೀರಿಕೊಳ್ಳುತ್ತದೆ. ಅದಕ್ಕೇ ನೋವು ಅಂತ ವಾರಗಟ್ಟಲೆ ಮಲಗಬೇಡಿ ಅನ್ನುವುದು. ಚಪ್ಪಟೆ ನೆಲದಲ್ಲಿ ನಡೆಯಿರಿ. ನೋವು ತಗ್ಗಿದ ಮೇಲೆ ಕುರ್ಚಿಯಿಂದ ಕೈ ಊರದೆ ಎದ್ದು, ನಿಧಾನಕ್ಕೆ ಕೂರುವುದನ್ನು ದಿನಾ ಮಾಡಿ. ಕೂರುವುದೇ ಮುಖ್ಯ, ಧೊಪ್ಪನೆ ಬೀಳಬೇಡಿ. ಮುಂದಿನ ಸಲ ಇಳಿಯುವಾಗ ಪುಟ್ಟ ಹೆಜ್ಜೆ ಇಡಿ, ಕೈಯಲ್ಲೊಂದು ಕೋಲಿರಲಿ.

ಬರೀ ಲಟಕ್ ಅನ್ನುವ ಸದ್ದಿಗೆ, ನೋವಿಲ್ಲದಿದ್ದರೆ, ತಲೆ ಕೆಡಿಸಿಕೊಳ್ಳಬೇಡಿ. ಮಂಡಿ ಊದಿಕೊಂಡರೆ, ಮಡಿಸಿದ್ದು ಬಿಡಿಸಲು ಬಾರದೆ ಸಿಕ್ಕಿಕೊಂಡರೆ, ನಡೆಯುತ್ತಾ ಕುಸಿದುಹೋದರೆ ಮಾತ್ರ ತಡ ಮಾಡದೆ ಮೂಳೆ ಡಾಕ್ಟರಿಗೆ ತೋರಿಸಿ.