ಪಾಸಿಟಿವ್ ಸೈಕಾಲಜಿ ಕೋರ್ಸ್ ಮಾಡಿದರೆ ಯಾವಾಗಲೂ ಖುಷಿಯಾಗಿರಬಹುದಾ?

ಕಲಬುರಗಿಯಲ್ಲಿ ರೂಮ್ ಮಾಡಿಕೊಂಡು ಪರೀಕ್ಷೆಗೆ ಓದುತ್ತಿದ್ದೀರಿ. ನೆಗೆಟಿವ್ ಮಾತಾಡುವವರನ್ನೆಲ್ಲ ದೂರ ಇಟ್ಟಿದ್ದೀರಿ. ಈಗ ಕೋರ್ಸ್‌ಗೆ ದುಡ್ಡು ಕಟ್ಟಲಾ ಅಂತ ಕೇಳಿದ್ದೀರಿ. ಕಟ್ಟಬೇಡಿ. ಜನರನ್ನು ದೂರ ಇಟ್ಟಿದ್ದೇ ನನಗೆ ಜಾಸ್ತಿ ಚಿಂತೆಯ ವಿಷಯ ಅನಿಸಿತು.

ನಾನೂ ಇದೇ ಊರಲ್ಲಿ ಹೀಗೇ ಓದಿದವನು. ಹಗಲೆಲ್ಲ ಲೈಬ್ರರಿ, ಸಂಜೆ ಅಪ್ಪನ ಕೆರೆ ಕಡೆ ಒಂದು ಸುತ್ತು. ಯಾವುದೋ ವಿಡಿಯೋ ನೋಡಿ, ಬೇಜಾರಿನ ಮಾತು ಕಿವಿಗೇ ಬೀಳಬಾರದು ಅಂತ ನಿರ್ಧರಿಸಿದ್ದೆ. ಆಳಂದ ಕಡೆಯ ದೋಸ್ತ ಒಬ್ಬನಿದ್ದ. ಆ ವರ್ಷ ಅವರ ತೊಗರಿಗೆ ನೆಟೆ ರೋಗ ಬಿತ್ತು. ಅದು ಮಣ್ಣಿನಿಂದ ಬೇರಿಗೆ ಹತ್ತುವ ರೋಗ. ಗಿಡ ನಿಂತಲ್ಲೇ ಒಣಗುತ್ತದೆ, ಕಣ್ಣಿಗೆ ಕಾಣುವ ಹೊತ್ತಿಗೆ ಕೈ ಮೀರಿರುತ್ತದೆ. ಅವನು ಸಂಜೆ ಫೋನ್ ಮಾಡಿ, "ಹೊಲ ಎಲ್ಲಾ ಒಣಗ್ಯಾದ ದೋಸ್ತ" ಅನ್ನುತ್ತಿದ್ದ. ನಾನು, "ಬರೀ ನೆಗೆಟಿವ್ ಮಾತಾಡಬ್ಯಾಡೋ, ಪಾಸಿಟಿವ್ ಇರು" ಅಂದೆ. ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅವನು ಸಾಲ ಕೇಳಲಿಲ್ಲ, ಉಪಾಯವನ್ನೂ ಕೇಳಲಿಲ್ಲ. ಹತ್ತು ನಿಮಿಷ ಹೂಂ ಅಂದಿದ್ದರೆ ಸಾಕಿತ್ತು. ನಾನು ಹೊಲಕ್ಕೆ ಬಂದ ರೋಗವನ್ನು ಅವನ ಯೋಚನೆಯ ದೋಷ ಮಾಡಿಬಿಟ್ಟೆ. ಬೆಳೆ ಹೋದವನಿಗೆ, ನೀನು ದುಃಖಪಡುವ ರೀತಿಯೂ ಸರಿಯಿಲ್ಲ ಅಂದ ಹಾಗಾಯಿತು. ಅದನ್ನೇ ಮನಸ್ಸಿನ ಶಿಸ್ತು ಅಂದುಕೊಂಡಿದ್ದೆ. ಆಯ್ಕೆ ಪಟ್ಟಿಯಲ್ಲಿ ನನ್ನ ಹೆಸರು ಬರದ ದಿನ ಫೋನ್ ಮಾಡೋಕೆ ಯಾರೂ ಇರಲಿಲ್ಲ. ಆ ದೋಸ್ತ ಈಗ ಎದುರು ಸಿಕ್ಕರೆ ಮಾತಾಡುತ್ತಾನೆ. ಕಷ್ಟ ಮಾತ್ರ ನನ್ನ ಹತ್ತಿರ ಹೇಳಿಕೊಳ್ಳಲ್ಲ.

ಪಾಸಿಟಿವ್ ಸೈಕಾಲಜಿಯನ್ನು ಸರಿಯಾಗಿ ಓದಿದ್ದು ಆಮೇಲೆ. 1998ರಲ್ಲಿ ಅಮೆರಿಕದ ಮನೋವಿಜ್ಞಾನಿಗಳ ಸಂಘದ ಅಧ್ಯಕ್ಷರಾಗಿದ್ದ ಮಾರ್ಟಿನ್ ಸೆಲಿಗ್ಮನ್ ಇದಕ್ಕೆ ಚಾಲನೆ ಕೊಟ್ಟರು. ಮನಸ್ಸಿನ ಕಾಯಿಲೆಯನ್ನಷ್ಟೇ ಅಲ್ಲ, ಬದುಕು ಅರಳುವುದು ಹೇಗೆ ಅನ್ನುವುದನ್ನೂ ವಿಜ್ಞಾನ ಓದಬೇಕು ಅನ್ನುವುದು ಅವರ ವಾದ. 2011ರಲ್ಲಿ ಅವರು ಅದಕ್ಕೆ ಐದು ಅಂಶ ಹೇಳಿದರು: ಒಳ್ಳೆಯ ಭಾವನೆ, ಮೈಮರೆತು ಮಾಡುವ ಕೆಲಸ, ಸಂಬಂಧ, ಬದುಕಿಗೊಂದು ಅರ್ಥ, ಸಾಧನೆ. ನೋಡಿ, ಖುಷಿ ಐದರಲ್ಲಿ ಒಂದು ಮಾತ್ರ. ಅದನ್ನು ಕಾಪಾಡೋಕೆ ಹೋಗಿ ನಾನು ಸಂಬಂಧವನ್ನೇ ಬಿಟ್ಟುಕೊಟ್ಟಿದ್ದೆ. ಅವರ ಜೊತೆ ಕೆಲಸ ಮಾಡಿದ ಕ್ರಿಸ್ಟೋಫರ್ ಪೀಟರ್ಸನ್ ಅಂತೂ ಇಡೀ ವಿಷಯದ ಸಾರವೇ 'ಬೇರೆಯವರು ಮುಖ್ಯ' ಅನ್ನುತ್ತಿದ್ದರು.

ಅಭ್ಯಾಸ ಬೇಕೇ ಬೇಕು ಅಂದರೆ ಒಂದು ಇದೆ, ಖರ್ಚಿಲ್ಲ. ರಾತ್ರಿ ಮಲಗುವ ಮುಂಚೆ ಅವತ್ತು ಚೆನ್ನಾಗಿ ಆದ ಮೂರು ಸಂಗತಿ ಬರೆಯಿರಿ, ಪ್ರತಿಯೊಂದೂ ಯಾಕೆ ಆಯಿತು ಅಂತಲೂ ಬರೆಯಿರಿ. ಸೆಲಿಗ್ಮನ್ ತಂಡ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನರಿಗೆ ಇದನ್ನು ಒಂದು ವಾರ ಮಾಡಿ ಅಂದಿದ್ದರು. ಆರು ತಿಂಗಳ ನಂತರವೂ ಪರಿಣಾಮ ಕಂಡಿತು. ಅದರಲ್ಲೂ ತಾವಾಗಿಯೇ ಮುಂದುವರಿಸಿದವರಿಗೆ ಜಾಸ್ತಿ ಉಪಯೋಗ ಆಯಿತು. 'ಯಾಕೆ' ಅನ್ನುವುದನ್ನು ಬಿಡಬೇಡಿ. ನನ್ನ ನೋಟ್‌ಬುಕ್ಕಿನಲ್ಲಿ ಅದರ ಉತ್ತರ ಬಹಳ ಸಲ ಯಾವುದಾದರೂ ಮನುಷ್ಯರ ಹೆಸರೇ ಆಗಿರುತ್ತದೆ.

ಆದರೆ ಎರಡು ವಾರ ಕಳೆದರೂ ನಿದ್ದೆ, ಊಟ, ಓದು ಯಾವುದೂ ಸೇರುತ್ತಿಲ್ಲ ಅಂದರೆ ಈ ಬರವಣಿಗೆಯನ್ನು ನಂಬಿ ಕೂರಬೇಡಿ. ಮನಸ್ಸಿನ ಕಷ್ಟಕ್ಕೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ ಇದೆ, ನಂಬರ್ 14416. ದುಡ್ಡು ಕೊಡಬೇಕಾಗಿಲ್ಲ, ರಾತ್ರಿಯೂ ಇರುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.