ಮುತ್ಯಾನ ಬೀಡಿ, ಮೊಮ್ಮಗನ ದಮ್ಮು

ಪ್ರಶ್ನೆ: ನಮಸ್ಕಾರ ಡಾಕ್ಟರ್ರೀ, ನಮ್ದು ಇಂಡಿ ತಾಲೂಕಿನ ಹಳ್ಳಿ. ನನ್ನ ಮಗಗ ಆರು ವರ್ಷ, ಎರಡು ವರ್ಷದಿಂದ ದಮ್ಮು (ಅಸ್ತಮಾ) ಐತಿ, ವಿಜಯಪುರದಾಗ ತೋರಿಸೀವಿ, ದಿನಾ ಎರಡು ಸಲ ಪಂಪ್ (ಇನ್ಹೇಲರ್) ಹೊಡಿತೀವಿ. ಆದ್ರೂ ರಾತ್ರಿ ಎರಡಕ್ಕ ಮೂರಕ್ಕ ಕೆಮ್ಮು ಚಾಲೂ ಆಗ್ತೈತಿ, ಎದಿ ಸುಂಯ್ ಅಂತೈತಿ. ಮಾವಾರು ಬೀಡಿ ಸೇದ್ತಾರ್ರೀ. ಮೊದಲು ಪಡಸಾಲ್ಯಾಗ ಸೇದ್ತಿದ್ರು, ಈಗ ಹುಡುಗನ ಸಲುವಾಗಿ ಹೊರಗ ಕಟ್ಟಿ ಮ್ಯಾಲ ಕುಂತು ಸೇದ್ತಾರ. ಹೊರಗ ಸೇದಿದ್ರೂ ಹುಡುಗಗ ತ್ರಾಸ ಆಗ್ತೈತೇನ್ರಿ? ಮಾವಾರ ಮುಂದ ನಿಂತು ಬಿಡ್ರಿ ಅನ್ನಾಕ ನನಗ ಬಾಯಿ ಬರಂಗಿಲ್ಲ.

ಉತ್ತರ: ಆಗ್ತೈತ್ರಿ ಅಕ್ಕಾರ. ಮಾವಾರು ಪಡಸಾಲಿ ಬಿಟ್ಟು ಕಟ್ಟಿಗೆ ಹೋದದ್ದು ಸಣ್ಣ ಮಾತಲ್ಲ, ಮೊಮ್ಮಗನ ಮ್ಯಾಲ ಜೀವ ಐತಿ ಅವರದು. ಆದ್ರ ನಮ್ಮ ಕಡೆ ಕಟ್ಟಿ ಇರೋದ ಬಾಗಿಲಿಗೆ ಹತ್ತಿ, ಗಾಳಿ ಸ್ವಲ್ಪ ಒಳಗ ತಿರುಗಿದ್ರ ಸಾಕು, ಹೊಗಿ ಸೀದಾ ಪಡಸಾಲಿಗೆ ಬರ್ತೈತಿ, ಫ್ಯಾನ್ ಹಾಕಿದ್ರೂ ಕಿಡಕಿ ತೆಗೆದ್ರೂ ಪೂರಾ ಹೋಗಂಗಿಲ್ಲ. ಅವರು ಸೇದಿ ಬಿಡೋ ಹೊಗಿ ಒಂದಾದ್ರ, ಬೆರಳ ಸಂದ್ಯಾಗ ಸುಮ್ಮನ ಉರಿಯೋ ತುದಿಯಿಂದ ಏಳೋ ಹೊಗಿ ಇನ್ನೊಂದು, ಅದು ಅರ್ಧಮರ್ಧ ಸುಟ್ಟ ಹೊಗಿ, ಹಂಗಾಗಿ ಅದರಾಗ ವಿಷ ಜಾಸ್ತಿ. ತಂಬಾಕಿನ ಹೊಗ್ಯಾಗ 7000ಕ್ಕೂ ಹೆಚ್ಚು ರಾಸಾಯನಿಕ ಅದಾವ, ಇಷ್ಟಾದ್ರ ಏನೂ ಆಗಂಗಿಲ್ಲ ಅನ್ನೋ ಅಳತಿನ ಇಲ್ಲ.

ದೊಡ್ಡವರು ನಿಮಿಷಕ್ಕ 12ರಿಂದ 16 ಸಲ ಉಸಿರಾಡಿದ್ರ ಆರು ವರ್ಷದ ಹುಡುಗ 20ರ ಮ್ಯಾಲ ಆಡ್ತಾನ, ಅವನ ಉಸಿರಿನ ನಳಿಗಿ ಮೊದಲ ಸಣ್ಣವು, ದಮ್ಮಿನಿಂದ ಒಳಗ ಬಾತಿರ್ತಾವ, ಹೊಗಿ ತಾಗಿದ ಕೂಡ್ಲೆ ಮತ್ತ ಬಿಗಿತಾವ, ಕಫ ಕಟ್ಟತೈತಿ. ಇನ್ನೊಂದು ಮಾತು ಭಾಳ ಮಂದಿಗೆ ಗೊತ್ತಿಲ್ಲ: ಹೊಗಿ ಇರೋ ಮನ್ಯಾಗ ಪಂಪಿನ ಔಷಧ ಸರಿಯಾಗಿ ನಾಟಂಗಿಲ್ಲ. ಹೊಗಿ ಹಂಗ ಇಟ್ಟು ಡೋಸ್ ಏರಿಸ್ಕೋತ ಹೋದ್ರ ತೂತು ಬಿಂದಿಗಿಗೆ ನೀರು ಹಾಕಿದಂಗ.

ನೀವು ಬರೀದ ಇದ್ದದ್ದು ಒಂದು ಐತಿ, ರಾತ್ರಿ ಹುಡುಗ ಯಾರ ಮಗ್ಗಲಾಗ ಮಲಗ್ತಾನ? ಮುತ್ಯಾನ ಕೌದ್ಯಾಗ ಅಂದ್ರ ಮೊದಲು ಅದನ್ನ ಬದಲಿಸ್ರಿ. ಬೀಡಿ ಆರಿದ್ರೂ ಹೊಗಿ ಕೌದಿ, ಹೆಗಲ ಮ್ಯಾಲಿನ ಟವೆಲ್ಲು, ಮೀಸಿ, ಅಂಗಿಗೆ ಹತ್ತಿರ್ತೈತಿ. ದಮ್ಮು ಅನ್ನೋದ ರಾತ್ರಿ ಹೊತ್ತು ಜೋರಾಗೋ ಬ್ಯಾನಿ, ಅದಕ್ಕ ಇದೂ ಕೂಡಿದ್ರ ಹುಡುಗಗ ನಿದ್ದಿ ಎಲ್ಲಿಂದ ಬರ್ತೈತಿ? ಹಂಗಂತ ಎಲ್ಲಾ ಬೀಡಿ ತಲಿಗೆ ಕಟ್ಟಬ್ಯಾಡ್ರಿ, ಪಂಪ್ ಸ್ಪೇಸರ್ (ಪಂಪಿಗೆ ಹಚ್ಚೋ ಪ್ಲಾಸ್ಟಿಕ್ ನಳಿಗಿ) ಹಚ್ಚಿ ಹೊಡಿತೀರೋ, ಹಂಗ ಸೀದಾ ಬಾಯಾಗೋ, ಅದನ್ನೂ ಡಾಕ್ಟರ್ ಮುಂದ ಮಾಡಿ ತೋರಿಸ್ರಿ. ಒಲಿ ಹೊಗಿ, ಸೊಳ್ಳಿ ಬತ್ತಿನೂ ಅವನಿಂದ ದೂರ ಇರ್ಲಿ.

ಬಸ್ ಸ್ಟ್ಯಾಂಡಿನ್ಯಾಗ ಸೇದಬಾರದು ಅನ್ನೋ ನಿಯಮ 2008ರ ಅಕ್ಟೋಬರ್ 2ರಿಂದ ನಡದೈತಿ, ದಂಡ ಮೊದಲು 200 ರೂಪಾಯಿ ತನಕ ಇತ್ತು, 2025ರಿಂದ ನಮ್ಮ ಕರ್ನಾಟಕದಾಗ 1000 ರೂಪಾಯಿ ತನಕ ಆಗೈತಿ, ಮನಿ ಕಟ್ಟಿಗೆ ಅದು ಬರಂಗಿಲ್ಲ, ಅಲ್ಲಿ ಹಿರ್ಯಾರದ ಕಾಯ್ದೆ! ಅದಕ್ಕ ನೀವು ಹೇಳಾಕ ಹೋಗಬ್ಯಾಡ್ರಿ, ಮುಂದಿನ ಸಲ ದವಾಖಾನಿಗೆ ಮಾವಾರನ್ನ ಕರ್ಕೊಂಡು ಹೋಗ್ರಿ, ಹುಡುಗನ ಎದಿ ಸಪ್ಪಳ ಅವರ ಕಿವಿಗೆ ಕೇಳಿಸ್ರಿ ಅಂತ ಡಾಕ್ಟರಿಗೆ ಹೇಳ್ರಿ. ಬಿಡಾಕ ಮನಸ್ಸು ಮಾಡಿದ್ರ 1800-11-2356ಕ್ಕ ಫೋನ್ ಹಚ್ಚಿಸ್ರಿ, ಸರ್ಕಾರದ್ದು, ರೊಕ್ಕ ಇಲ್ಲ, ಕನ್ನಡದಾಗ ಮಾತಾಡ್ತಾರ. ನಲವತ್ತು ವರ್ಷದ ಚಟ ಇದ್ರ ಒಂದ ದಿನಕ್ಕ ಬಿಡಂಗಿಲ್ಲ, ಅಲ್ಲಿತನಕ ಸೇದೋದು ಹೊಲದಾಗ, ಮನಿಗೆ ಬಂದು ಅಂಗಿ ಬದಲಿಸಿ, ಕೈ ಬಾಯಿ ತೊಳದು ಆಮ್ಯಾಲ ಮೊಮ್ಮಗ.

ಹುಡುಗ ಉಸಿರು ತಗೊಂಡಾಗ ಪಕ್ಕಡಿ ಒಳಗ ಜಗ್ಗಿದ್ರ, ಮಾತಾಡಾಕ ಬರದ ಇದ್ರ, ತುಟಿ ನೀಲಿ ಆದ್ರ ಮುಂಜಾನಿ ತನಕ ಕಾಯಬ್ಯಾಡ್ರಿ, ದಮ್ಮು ಏರಿದಾಗ ಹೊಡಿಯಾಕ ಡಾಕ್ಟರ್ ಕೊಟ್ಟ ತುರ್ತಿನ ಪಂಪ್ ಹೊಡಕೋತನ 108ಕ್ಕ ಫೋನ್ ಮಾಡ್ರಿ.

ಪ್ರಶ್ನೆ: ನಿಪ್ಪಾಣಿಯಿಂದ ಬರಿಯಾಕತ್ತೀನಿ. ನಮ್ಮನ್ಯಾಗ ಯಾರೂ ಸೇದಂಗಿಲ್ಲ, ಆದ್ರ ನಾ ಮನ್ಯಾಗ ಬೀಡಿ ಕಟ್ಟತೀನಿ. ಮಗಳಿಗೆ ದಮ್ಮು ಐತಿ, ಇದರಿಂದನೂ ಆಗ್ತೈತೇನ್ರಿ?

ಉತ್ತರ: ಹೊಗಿ ಬ್ಯಾರೆ, ತಂಬಾಕಿನ ಧೂಳು ಬ್ಯಾರೆ, ಆದ್ರ ಧೂಳಿಗೂ ದಮ್ಮು ಕೆರಳತೈತಿ. ಅಡಗಿ ಮನಿ, ಮಲಗೋ ಖೋಲಿ ಬಿಟ್ಟು ಗಾಳಿ ಆಡೋ ಕಡೆ ಕುಂತು ಕಟ್ಟ್ರಿ, ಮಗಳು ಸಾಲಿಗೆ ಹೋದ ಹೊತ್ತಿನ್ಯಾಗ ಆದ್ರ ಛಲೋ. ಕಸ ಒಣಾ ಹೊಡಿಬ್ಯಾಡ್ರಿ, ಹಸಿ ಅರಿವಿಲೆ ಒರಸ್ರಿ, ಉಳಿದ ತಂಬಾಕು ಮುಚ್ಚಿ ಇಡ್ರಿ, ಕೈ ತೊಳಕೊಳ್ಳಲಾರದ ಮಗಳಿಗೆ ಉಣ್ಣಿಸಬ್ಯಾಡ್ರಿ.